ಹಾಲುಹಲ್ಲು

ತನಿಖೆಯ ವರದಿ ಹದಿನಾಲ್ಕು ಪುಟದ್ದು. ಉಳಿದ ಪುಟಗಳನ್ನು ಅವನು ಒಂದೊಂದು ಸಲ ಓದಿದ. ಹನ್ನೊಂದನೆಯದನ್ನು ಮಾತ್ರ ಎಷ್ಟು ಸಲ ಓದಿದನೆಂದರೆ, ಬೆರಳಿನ ಬೆವರಿಗೆ ಕಾಗದದ ಅಂಚು ಬಟ್ಟೆಯ ಹಾಗೆ ಮೆತ್ತಗಾಯಿತು. ಅಲ್ಲಿ ಒಂದು ಸಾಲಿತ್ತು: ‘ಮಾರ್ಗದರ್ಶಕಿಯು ಯಾರ ಅನುಮತಿಯನ್ನೂ ಪಡೆಯದೆ ಏಣಿಯನ್ನೇರಿದ್ದು, ಆಕೆಯ ಸ್ವಂತ ಅಜಾಗರೂಕತೆಯೇ ಮರಣಕ್ಕೆ ಕಾರಣವಾಗಿದೆ.’

ಆ ಮಾರ್ಗದರ್ಶಕಿ ಅವನ ಒಬ್ಬಳೇ ಮಗಳು. ಸತ್ತಾಗ ಅವಳಿಗೆ ಇಪ್ಪತ್ತಾರು.

ಅವರಿದ್ದ ದ್ವೀಪವೆಲ್ಲ ಸುಣ್ಣಕಲ್ಲು. ಮಳೆಯ ನೀರು ಲಕ್ಷಾಂತರ ವರ್ಷ ಅದನ್ನು ಒಳಗಿಂದ ತಿಂದು, ಊರಿನ ಆಚೆಯ ಗುಡ್ಡದ ಹೊಟ್ಟೆಯಲ್ಲಿ ಗುಹೆಗಳನ್ನು ಕೊರೆದಿತ್ತು. ತಿಂದ ಕಲ್ಲನ್ನೇ ನೀರು ಹನಿಹನಿಯಾಗಿ ಮತ್ತೆ ಕಕ್ಕಿ, ಮೇಲಿನಿಂದ ಇಳಿಬಿದ್ದ ಕೊಳವೆಗಳು, ನೆಲದಿಂದ ಎದ್ದ ಗೂಟಗಳು, ಮಡಿಕೆಮಡಿಕೆಯಾಗಿ ಜೋತ ಕಲ್ಲಿನ ಪರದೆಗಳನ್ನು ಮಾಡಿಟ್ಟಿತ್ತು. ಹಡಗಿನಲ್ಲಿ ಬಂದವರು ಟಿಕೆಟ್ ಕೊಂಡು ಅದನ್ನು ನೋಡುತ್ತಿದ್ದರು. ಮಗಳು ಐದು ವರ್ಷ ಅವರಿಗೆ ಅದನ್ನು ತೋರಿಸಿದಳು.

ಗುಹೆಯ ಕಬ್ಬಿಣದ ಏಣಿ ತುಕ್ಕು ಹಿಡಿದಿದೆ ಎಂದು ಅವಳು ಊಟಕ್ಕೆ ಕೂತಾಗ ಕಡಿಮೆಯೆಂದರೂ ಮೂರು ಸಲ ಹೇಳಿದ್ದಳು. “ಮ್ಯಾನೇಜರಿಗೆ ಹೇಳಿದೀನಪ್ಪ. ತಲೆ ಆಡಿಸ್ತಾರೆ, ಅಷ್ಟೇ.” ಏಣಿ ಮುರಿದ ಮೂರನೆಯ ದಿನವೇ ಆ ಜಾಗದಲ್ಲಿ ಹೊಸ ಏಣಿ ನಿಂತಿತು. ಹಳೆಯದು ಎಲ್ಲಿಗೆ ಹೋಯಿತೆಂದು ಯಾರಿಗೂ ಗೊತ್ತಾಗಲಿಲ್ಲ. ಏಣಿಯ ಬಗ್ಗೆ ತನಗೆ ಯಾರೂ ಎಂದೂ ದೂರು ಕೊಟ್ಟಿಲ್ಲವೆಂದು ಮ್ಯಾನೇಜರ್ ಬರೆದುಕೊಟ್ಟ. ಸತ್ತವಳು ಎದ್ದು ಬಂದು ಸಾಕ್ಷಿ ಹೇಳುವಂತಿರಲಿಲ್ಲ.

ಅವನು ಕಟ್ಟುಹಲ್ಲು ಮಾಡುವವನು. ಬಂದರಿನ ಬೀದಿಯಲ್ಲಿ ಔಷಧಿ ಅಂಗಡಿಯ ಮೇಲಿನ ಮಹಡಿ ಅವನ ಕಾರ್ಖಾನೆ. ಊರಿನ ಮುದುಕರೆಲ್ಲ ಅವನ ಹಲ್ಲಿನಲ್ಲೇ ನಗುತ್ತಿದ್ದರು, ಅವನ ಹಲ್ಲಿನಲ್ಲೇ ಜಗಳಾಡುತ್ತಿದ್ದರು. ಎಲ್ಲರ ಬಾಯಲ್ಲೂ ಅವನು ಹಲ್ಲು ಮೇಷ್ಟ್ರು. ಹಲ್ಲು ಕಟ್ಟುವವನಿಗೆ ಹಲ್ಲು ಕಚ್ಚಿ ಸಹಿಸುವುದು ಕಲಿಸಬೇಕೆ ಎಂದು ಸಾವಿನ ಮನೆಗೆ ಬಂದಿದ್ದವನೊಬ್ಬ ಅಂದ. ಆ ಮಾತಿಗೂ ಅವನು ಹಲ್ಲು ಕಚ್ಚಿಯೇ ಕೂತಿದ್ದ.

ಸೇಡಿನ ಆಸೆ ಹುಟ್ಟಿದ್ದು ಒಂದು ಟಿಕೆಟ್ಟಿನಿಂದ. ಕೆಳದವಡೆಯ ಸೆಟ್ಟು ಚುಚ್ಚುತ್ತದೆಂದು ಬಂದ ಒಬ್ಬ ಅಜ್ಜಿ, ಅವನು ಅದನ್ನು ಉಜ್ಜುತ್ತಿರುವಾಗ ಬೊಚ್ಚುಬಾಯಲ್ಲೇ, “ನಮ್ಮ ಗುಹೇಲಿ ಬಿಳಿ ರಾಣಿ ಅಂತ ಒಂದು ಕಲ್ಲು ಬಂದಿದ್ಯಂತೆ. ಏನು ಚೆಂದ ಅಂತೀಯ, ನೋಡು,” ಎಂದು ಚೀಲದಿಂದ ಟಿಕೆಟ್ ತೆಗೆದು ಅದರ ಮೇಲಿನ ಚಿತ್ರವನ್ನು ಮುಂದೆ ಹಿಡಿದಳು. ಅವನು ಯಾರು, ಯಾರಿಗೆ ತೋರಿಸುತ್ತಿದ್ದೇನೆ ಎಂಬುದು ಅವಳಿಗೆ ಮರೆತೇಹೋಗಿತ್ತು. ವಯಸ್ಸಾಗಿತ್ತು.

ಆ ಕಲ್ಲನ್ನು ಹುಡುಕಿದ್ದು ಅವನ ಮಗಳು. ಎರಡು ವರ್ಷದ ಹಿಂದೆ, ಕಲ್ಲಿನ ಪರದೆಯೊಂದರ ಹಿಂದೆ ಹೊಟ್ಟೆಯ ಮೇಲೆ ತೆವಳಿ ಹೋಗಿ, ಒಂದು ಚಿಕ್ಕ ಕೋಣೆಯನ್ನು ಕಂಡಿದ್ದಳು. ಅದರ ನಡುವೆ, ಅಂಗೈ ಆಳದ ತಿಳಿನೀರಿನ ಗುಂಡಿಯಲ್ಲಿ, ಒಂದು ಗೇಣುದ್ದದ ಬಿಳಿಯ ಗೂಟ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೂಗಿದ್ದಳು: “ಅಪ್ಪಾ, ನಿನ್ನ ಕಸುಬಿನ ಕಲ್ಲು ಸಿಕ್ತು! ಥೇಟ್ ಹಾಲುಹಲ್ಲು! ವಸಡೂ ಇದೆ!” ವಸಡೆಂದರೆ ಗೂಟದ ಬುಡವನ್ನು ಸುತ್ತಿಕೊಂಡಿದ್ದ ಕಲ್ಲಿನ ಪಟ್ಟಿ. ಒಂದು ಕಾಲದಲ್ಲಿ ಸಮುದ್ರ ಅಲ್ಲಿಯವರೆಗೆ ಬಂದು ನಿಂತಿತ್ತಂತೆ. ನಿಂತ ನೀರಿನ ಮಟ್ಟಕ್ಕೆ ಸರಿಯಾಗಿ ಹೊಸ ಕಲ್ಲು ಕೂತು ಬಳೆಯ ಹಾಗೆ ಸುತ್ತಿಕೊಂಡಿತಂತೆ. ಸಮುದ್ರ ಎಂದೋ ಇಳಿದುಹೋಯಿತು, ಗುರುತು ಮಾತ್ರ ಉಳಿಯಿತು. “ಒಂದು ದಿನ ಬಂದು ನೋಡಪ್ಪ,” ಎಂದಿದ್ದಳು. ಆ ವಾರ ಎರಡು ಪೂರ್ತಿ ಸೆಟ್ಟುಗಳ ಕೆಲಸವಿತ್ತು. ಮುಂದಿನ ವಾರವೂ ಏನೋ ಇತ್ತು. ಅವನು ಮೊದಲ ಸಲ ಗುಹೆಯೊಳಗೆ ಕಾಲಿಟ್ಟದ್ದು, ಅವಳು ಬಿದ್ದ ಜಾಗ ನೋಡುವುದಕ್ಕೆ.

ಅವಳಿಟ್ಟ ಹೆಸರನ್ನು ಕಿತ್ತುಹಾಕಿ ‘ಬಿಳಿ ರಾಣಿ’ ಎಂದಿಟ್ಟಿದ್ದರು. ತಪ್ಪನ್ನು ಅವಳ ತಲೆಗೆ ಕಟ್ಟಿ, ಅವಳ ಕಲ್ಲನ್ನು ಟಿಕೆಟ್ಟಿಗೆ ಅಂಟಿಸಿಕೊಂಡಿದ್ದರು. ಅಜ್ಜಿ ಹೋದ ಮೇಲೆ, ಅವಳು ಮರೆತುಬಿಟ್ಟ ಟಿಕೆಟ್ಟಿನ ಚಿತ್ರವನ್ನು ಅವನು ಭೂತಗನ್ನಡಿಯಡಿ ಇಟ್ಟು ನೋಡಿದ. ಮೊದಲು ಆ ಕಲ್ಲಿನಲ್ಲಿ ಕಂಡದ್ದು ಮಗಳು. ಆಮೇಲೆ ಮೂವತ್ತು ವರ್ಷದ ಕೈಚಳಕ ತಾನಾಗಿಯೇ ನೋಡತೊಡಗಿತು. ಕಲ್ಲಿನ ಕುತ್ತಿಗೆಯಲ್ಲಿ, ವಸಡಿನ ಹತ್ತಿರ, ತುಸು ಹಳದಿ. ನಡುವೆ ಹಾಲು. ತುದಿಯಲ್ಲಿ ನೀಲಿ ಛಾಯೆಯ ಪಾರದರ್ಶಕ ಅಂಚು.

ಇದನ್ನು ಮಾಡಬಹುದು, ಎಂದುಕೊಂಡ.

ಮಾಡಬಹುದಾದರೆ ಬದಲಾಯಿಸಲೂಬಹುದು. ಯಾರನ್ನೂ ಮುಟ್ಟಬೇಕಿಲ್ಲ, ಯಾರ ರಕ್ತವೂ ಬೇಡ. ಮಗಳ ಕಲ್ಲು ಮಗಳ ಮನೆಗೆ ಬರುತ್ತದೆ. ಅಲ್ಲಿ ಅವನು ಮಾಡಿದ ಕಟ್ಟುಹಲ್ಲು ನಿಲ್ಲುತ್ತದೆ. ಮ್ಯಾನೇಜರ್ ಅದಕ್ಕೆ ದೀಪ ಹಾಕುತ್ತಾನೆ, ದೊಡ್ಡ ಮನುಷ್ಯರು ಬಂದು ಬಾಯಿ ಬಿಟ್ಟು ನೋಡುತ್ತಾರೆ, ಟಿಕೆಟ್ಟಿನ ಮೇಲೆ ಅಚ್ಚು ಹಾಕುತ್ತಾರೆ. ಅವರು ಅವನಿಗೆ ಕೊಟ್ಟದ್ದು ಹಸಿ ಸುಳ್ಳು. ಅವನು ಅವರಿಗೆ ಒಂದು ಸುಳ್ಳುಹಲ್ಲು ಕೊಡುತ್ತಾನೆ. ಲೆಕ್ಕ ಸಮ. ಎಷ್ಟೋ ತಿಂಗಳ ಮೇಲೆ ಆ ದಿನ ಅವನು ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡ. ಹೆಂಡತಿ ಅದನ್ನು ನೋಡಿದಳು.

ಹೆಂಡತಿಗೆ ಹೇಳಬಾರದೆಂದು ಅವನು ಮೊದಲೇ ತೀರ್ಮಾನಿಸಿದ್ದ. ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಒಂದು ಕಾಲದಲ್ಲಿ ಅವನ ಜೊತೆ ಕೂತು ಹಲ್ಲಿಗೆ ಹೊಳಪು ಕೊಡುತ್ತಿದ್ದವಳು. ಯಾವ ಬಾಯಿಗೆ ಯಾವ ಬಣ್ಣವೆಂದು ಅವನಿಗಿಂತ ಚೆನ್ನಾಗಿ ಹೇಳುತ್ತಿದ್ದವಳು. ಮಗಳು ಹೋದ ಮೇಲೆ ಮಹಡಿ ಹತ್ತುವುದನ್ನೇ ಬಿಟ್ಟಿದ್ದಳು.

ಗುಹೆಗೆ ವಾರದಲ್ಲಿ ಒಂದು ದಿನ ರಜಾ. ಅಂದು ಕಲ್ಲುಗಳನ್ನು ತೊಳೆಯುತ್ತಾರೆ. ನೋಡಲು ಬಂದವರ ಬಟ್ಟೆಯ ನೂಲು, ಕೂದಲು, ಚರ್ಮದ ಪುಡಿ ಕಲ್ಲಿನ ಮೇಲೆ ಕೂತು ಮಸಿಯಾಗುತ್ತದೆ. ಅದನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆಯಬೇಕು. ಮಗಳಿದ್ದಾಗ ಆ ಕೆಲಸ ಅವಳದೇ. ಅವನು ಮ್ಯಾನೇಜರಿನ ಕೋಣೆಗೆ ಹೋಗಿ, ಕುರ್ಚಿಯಲ್ಲಿ ಕೂರದೆ, ಆ ಕೆಲಸವನ್ನು ತಾನು ಬಿಟ್ಟಿಯಾಗಿ ಮಾಡುತ್ತೇನೆಂದ.

“ಅವಳು ಮಾಡ್ತಿದ್ದ ಕೆಲಸ. ಕೈ ಸುಮ್ನೆ ಕೂರಲ್ಲ, ಸಾರ್.”

ಮ್ಯಾನೇಜರ್ ಮೇಜಿನ ಮೇಲಿನ ಪೆನ್ನನ್ನು ಅತ್ತಿತ್ತ ಸರಿಸಿದ. ಕಣ್ಣಿಗೆ ಕಣ್ಣು ಕೊಡಲಿಲ್ಲ. “ಅದಕ್ಕೇನಂತೆ, ಬನ್ನಿ ಮೇಷ್ಟ್ರೇ. ನಿಮ್ಮ ಮನೇನೇ ಅಂದ್ಕೊಳಿ.”

ತಪ್ಪಿತಸ್ಥ ಮನಸ್ಸು ಎಷ್ಟು ಸುಲಭವಾಗಿ ಬಾಗಿಲು ತೆರೆಯುತ್ತದೆಂದು ಅವನಿಗೆ ಗೊತ್ತಿತ್ತು. ಅಲ್ಲಿಯವರೆಗೆ ಎಲ್ಲ ಅವನ ಎಣಿಕೆಯಂತೆಯೇ.

ಬೀಗದ ಕೈ ಇದ್ದದ್ದು ಮಗಳ ಗೆಳತಿಯ ಹತ್ತಿರ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿ, ಒಂದೇ ದಿನ ಗುಹೆಯ ಕೆಲಸಕ್ಕೆ ಸೇರಿದವರು. ಅವನನ್ನು ಚಿಕ್ಕಪ್ಪ ಎನ್ನುತ್ತಿದ್ದಳು. ಚಿಕ್ಕಂದಿನಲ್ಲಿ ಬಿದ್ದ ತನ್ನ ಹಲ್ಲುಗಳನ್ನು ಅವನಿಗೆ ತಂದು ಕೊಟ್ಟು ‘ಯಾರಿಗಾದ್ರೂ ಹಾಕಿ’ ಎಂದವಳು. ಮೊದಲನೆಯ ದಿನ ಅವಳೇ ಕೆಳಗಿನವರೆಗೆ ಬಂದು, ದೀಪ ಹಾಕಿ, ಪರದೆಯ ಹಿಂದಿನ ಆ ಕೋಣೆಯ ಕಂಬಿಯ ಗೇಟು ತೆಗೆದಳು. ಈಗ ಅಲ್ಲಿಗೆ ತೆವಳಬೇಕಾಗಿರಲಿಲ್ಲ. ಪರದೆಯ ಒಂದು ಮಗ್ಗುಲನ್ನು ಒಡೆದು ದಾರಿ ಮಾಡಿದ್ದರು. ಮಗಳು ಬದುಕಿದ್ದರೆ ಇದಕ್ಕೇ ಅತ್ತುಬಿಡುತ್ತಿದ್ದಳು.

“ನೀವು ಇಲ್ಲಿ ಸ್ವಲ್ಪ ಹೊತ್ತು ಒಬ್ರೇ ಇರ್ತೀರಾ, ಚಿಕ್ಕಪ್ಪ?” ಎಂದಳು ಗೆಳತಿ. “ನಂಗೆ ಮೇಲೆ ದೀಪದ ಕೋಣೇಲಿ ಕೆಲಸ ಇದೆ. ಹನ್ನೊಂದರಿಂದ ಹನ್ನೆರಡರ ತನಕ ಪಂಪು ಓಡುತ್ತೆ, ಸದ್ದಿಗೆ ಹೆದರ್ಬೇಡಿ.”

ಅವನು ಕೇಳಬೇಕೆಂದಿದ್ದದ್ದನ್ನು ಅವಳೇ ಕೊಟ್ಟಳು: ಒಂದು ಗಂಟೆ, ಏಕಾಂತ, ಸದ್ದು.

ಆ ಮೊದಲ ದಿನ ಅವನು ಏನೂ ಮಾಡಲಿಲ್ಲ. ಬ್ರಷ್ಷು ಹಿಡಿದು ಗುಂಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತ. ಮೇಲಿನ ಕೊಳವೆಯಿಂದ ಹನಿಯೊಂದು ಬಿದ್ದು ಹಾಲುಹಲ್ಲಿನ ತುದಿಯಲ್ಲಿ ಒಡೆಯಿತು. ಇಪ್ಪತ್ತೆರಡು ಎಣಿಸಿದ ಮೇಲೆ ಮತ್ತೊಂದು. ಬ್ರಷ್ಷಿಗೆ ಒಂದು ಉದ್ದನೆಯ ಕಪ್ಪು ಕೂದಲು ಸಿಕ್ಕಿಕೊಂಡಿತು. ದಿನಕ್ಕೆ ನೂರಾರು ಜನ ಬರುವ ಜಾಗ, ಅದು ಯಾರದೂ ಆಗಿರಬಹುದು. ಅವನು ಅದನ್ನು ಬೆರಳಿಗೆ ಸುತ್ತಿ ಜೇಬಿಗೆ ಹಾಕಿಕೊಂಡ.

ಎರಡನೆಯ ವಾರ ಬಣ್ಣದ ಮಾದರಿ ತಂದ. ಹದಿನಾರು ಛಾಯೆಯ ಹದಿನಾರು ಹಲ್ಲುಗಳನ್ನು ಬೀಸಣಿಗೆಯಂತೆ ಜೋಡಿಸಿದ ಪಟ್ಟಿ ಅದು. ಬಾಯಿಯ ಪಕ್ಕ ಹಿಡಿದು ಹೊಂದಿಸುವುದು. ಕಲ್ಲಿನ ಪಕ್ಕ ಹಿಡಿದ. ಬುಡಕ್ಕೆ ಮೂರನೆಯದು, ನಡುವಿಗೆ ಎರಡನೆಯದು, ತುದಿಗೆ ಮೊದಲನೆಯದಕ್ಕಿಂತಲೂ ತುಸು ಬೆಳ್ಳಗೆ. ಗೋಡೆಯ ದೀಪದಲ್ಲಿ ನೋಡಿದ, ಕೈದೀಪದಲ್ಲಿ ನೋಡಿದ, ಹಿಂದಿನಿಂದ ಬೆಳಕು ಬಿಟ್ಟು ಎಷ್ಟು ಒಳಗೆ ಇಳಿಯುತ್ತದೆಂದು ನೋಡಿದ. ಎಲ್ಲವನ್ನೂ ಮಗಳ ಹಳೆಯ ನೋಟುಬುಕ್ಕಿನ ಖಾಲಿ ಹಾಳೆಗಳಲ್ಲಿ ಬರೆದುಕೊಂಡ.

ಮೂರನೆಯ ವಾರದಿಂದ ಅಚ್ಚು. ಬಾಯಿಯ ಅಚ್ಚು ತೆಗೆಯುವ ಹಿಟ್ಟನ್ನು ನೀರಿನಲ್ಲಿ ಕಲಸಿ, ಒಂದು ಸಲಕ್ಕೆ ಕಾಲು ಭಾಗದಂತೆ ಕಲ್ಲಿಗೆ ಒತ್ತಿ ಹಿಡಿದ. ನಾಲ್ಕು ನಿಮಿಷಕ್ಕೆ ಅದು ರಬ್ಬರಿನಂತಾಗಿ ಕಲ್ಲಿಗೆ ಒಂದಿಷ್ಟೂ ಅಂಟದೆ ಬಿಟ್ಟುಬಂತು. ಮಕ್ಕಳು ವಾಂತಿ ಮಾಡಿಕೊಳ್ಳುತ್ತಾರೆ, ಮುದುಕರು ಕಚ್ಚುತ್ತಾರೆ. ಈ ಕಲ್ಲಿನಷ್ಟು ಒಳ್ಳೆಯ ರೋಗಿ ಅವನಿಗೆ ಮೂವತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ. ಮೇಲಕ್ಕೆ ಬರುವಾಗ ಗೆಳತಿ ಧೂಳು ಮೆತ್ತಿದ ಕೈಯಿಂದ ಹಣೆ ಒರೆಸಿಕೊಳ್ಳುತ್ತ ಕೇಳುತ್ತಿದ್ದಳು, “ಆಯ್ತಾ ಚಿಕ್ಕಪ್ಪ? ಮನಸ್ಸು ಸ್ವಲ್ಪ ಹಗುರ ಆಯ್ತಾ?” ಅವನು ಆಯಿತೆನ್ನುತ್ತಿದ್ದ. ದೀಪದ ಕೋಣೆಯಲ್ಲಿ ಅಷ್ಟು ಧೂಳು ಎಲ್ಲಿಂದ ಬರುತ್ತದೆಂದು ಅವನು ಯೋಚಿಸಲಿಲ್ಲ.

ಕಟ್ಟುವ ಕೆಲಸಕ್ಕೆ ಐದು ತಿಂಗಳು ಹಿಡಿಯಿತು. ಹಲ್ಲಿನ ರಾಳಕ್ಕೆ ನುಣ್ಣನೆಯ ಪಿಂಗಾಣಿಪುಡಿ ಬೆರೆಸಿ, ತೆಳುವಾದ ಪದರದ ಮೇಲೆ ಪದರ ಕೂರಿಸಿದ. ಕಲ್ಲು ಬೆಳೆಯುವುದೂ ಹಾಗೆಯೇ ಅಲ್ಲವೆ? ಮೊದಲನೆಯದು ಸತ್ತವರ ಹಲ್ಲಿನ ಹಾಗೆ ಮಂಕಾಯಿತು, ಒಡೆದುಹಾಕಿದ. ಎರಡನೆಯದು ಚೆನ್ನಾಗಿತ್ತು, ಆದರೆ ಹಗುರ. ಅದರ ಮೇಲೆ ನಲ್ಲಿಯ ಹನಿ ಬಿದ್ದಾಗ ಟೊಳ್ಳು ಸದ್ದು ಬಂತು. ಗುಹೆಯ ನಿಶ್ಶಬ್ದದಲ್ಲಿ ಆ ಸದ್ದನ್ನು ಯಾರಾದರೂ ಕೇಳಿಯಾರು. ಮೂರನೆಯದರ ಒಡಲಿಗೆ ದ್ವೀಪದ್ದೇ ಸುಣ್ಣಕಲ್ಲಿನ ತಿರುಳಿಟ್ಟ. ಈಗ ತೂಕ ಸರಿಹೋಯಿತು, ಹನಿಯ ಸದ್ದೂ ಸರಿಹೋಯಿತು. ಕಲ್ಲು ಬೆಳೆಯುತ್ತದೆ, ಇದು ಬೆಳೆಯುವುದಿಲ್ಲ, ಎಂದು ಒಂದು ಯೋಚನೆ ಬಂತು. ಮಗಳೇ ಹೇಳಿದ್ದಳು: ನೂರು ವರ್ಷಕ್ಕೆ ಒಂದು ಉಗುರಿನ ದಪ್ಪ. ನೂರು ವರ್ಷದ ಮೇಲೆ ಹಿಡಿಯುವವರು ಹಿಡಿಯಲಿ.

ಬದಲಾಯಿಸುವ ದಿನ ಅವನು ಎಂದಿನ ಹೊತ್ತಿಗೇ ಹೋದ. ಬಕೆಟ್ಟಿನಲ್ಲಿ ಕೆಳಗೆ ಕಟ್ಟುಹಲ್ಲು, ಅದರ ಮೇಲೆ ಒದ್ದೆ ಟವೆಲು, ಮೇಲೆ ಬ್ರಷ್ಷುಗಳು. ಪಂಪು ಹೊರಟಿತು. ವಜ್ರದ ಪುಡಿ ಅಂಟಿಸಿದ ತಂತಿಯನ್ನು ಗುಂಡಿಯ ನೀರಿನೊಳಗೆ ಮುಳುಗಿಸಿ, ವಸಡಿನ ಪಟ್ಟಿಯ ಕೆಳಗೆ ಕಲ್ಲಿನ ಬುಡಕ್ಕೆ ಸುತ್ತಿ, ಎರಡು ಹಿಡಿಗಳನ್ನು ಹಿಡಿದು ಹಿಂದೆ ಮುಂದೆ ಎಳೆಯತೊಡಗಿದ. ನೀರಿನೊಳಗೆ ಕೊಯ್ದರೆ ಧೂಳಿಲ್ಲ. ಕೊಯ್ದ ಗೆರೆ ನೀರಿನಡಿಯಲ್ಲೇ ಉಳಿಯುತ್ತದೆ. ನಲವತ್ತು ನಿಮಿಷ ಎಂದು ಎಣಿಸಿದ್ದ. ಮೂವತ್ತೆಂಟಕ್ಕೆ ಹಾಲುಹಲ್ಲು ಅವನ ಕೈಗೆ ಬಂತು. ಸಾವಿರಾರು ವರ್ಷ ಒಂದೇ ಕಡೆ ನಿಂತಿದ್ದದ್ದು ತೊಟ್ಟು ಕಳಚಿದ ಹಣ್ಣಿನಂತೆ ವಾಲಿತು. ಒಂದು ಗಳಿಗೆ ಅವನು ಅದನ್ನು ಎದೆಗೆ ಅವಚಿಕೊಂಡು ಹಾಗೇ ಕೂತ. ತಣ್ಣಗಿತ್ತು. ಆಮೇಲೆ ಕೆಲಸ. ಬಾಯಿಯ ಎಂಜಲಿನಲ್ಲೂ ಕಚ್ಚಿ ಹಿಡಿಯುವ ಸಿಮೆಂಟಿಗೆ ಗುಹೆಯ ನೀರು ಯಾವ ಲೆಕ್ಕ? ಕಟ್ಟುಹಲ್ಲು ಬುಡದ ಮೇಲೆ ಕೂತಿತು. ಮೇಲಿನ ಹನಿ ಒಂದೆರಡು ಗಳಿಗೆ ಅನುಮಾನಿಸಿದಂತೆ ತೂಗಿ, ಅದರ ತುದಿಗೆ ಬಿತ್ತು.

ಅವನು ಗೇಟಿನಾಚೆ ನಿಂತು, ಟಿಕೆಟ್ ಕೊಂಡು ಬಂದವನಂತೆ ನೋಡಿದ. ತನ್ನ ಕೈಕೆಲಸವೇ ಅವನಿಗೆ ಗುರುತು ಸಿಗಲಿಲ್ಲ.

ನೂರ ನಲವತ್ತೆರಡು ಮೆಟ್ಟಿಲು. ಅರ್ಧ ಹತ್ತುವಷ್ಟರಲ್ಲಿ ಗೆಳತಿ ಎದುರಿಗೆ ಇಳಿದು ಬಂದಳು. ಅವನು ಬಕೆಟ್ಟನ್ನು ಗೋಡೆಯ ಕಡೆಯ ಕೈಗೆ ಬದಲಿಸಿಕೊಂಡ.

“ಏನು ಚಿಕ್ಕಪ್ಪ, ಮುಖ ಎಲ್ಲ ಬೆವರು! ಕೊಡಿ ಇಲ್ಲಿ.”

“ಬೇಡಮ್ಮ, ಭಾರ ಇಲ್ಲ.”

“ಅವಳಿದ್ದಿದ್ರೆ ನಿಮಗೆ ಹೊರೋಕೆ ಬಿಡ್ತಿದ್ಲಾ? ಕೊಡಿ ಅಂದ್ರೆ.” ಅವಳು ಬಕೆಟ್ಟನ್ನು ಕೈಯಿಂದ ಕಿತ್ತುಕೊಂಡೇಬಿಟ್ಟಳು. “ಅಬ್ಬ! ನೀರು ಚೆಲ್ಲಿಲ್ವಾ ಇದರದ್ದು?”

“ಟವೆಲು ನೆಂದಿದೆ,” ಎಂದ ಅವನು.

ಎಪ್ಪತ್ತು ಮೆಟ್ಟಿಲು ಅವಳೇ ಹೊತ್ತಳು. ಮೇಲಿನ ಬಾಗಿಲಿನಾಚೆ, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ, ಅವನ ಸೈಕಲ್ಲಿನ ಹಿಂದೆ ಅದನ್ನು ತಾನೇ ಕಟ್ಟಿಕೊಟ್ಟಳು. ಅವನಿಗೆ ನಗು ಬರಬೇಕಾಗಿತ್ತು. ಗುಡ್ಡ ಇಳಿಯುವಾಗ ಕಣ್ಣು ಮಂಜಾಗಿ ಎರಡು ಸಲ ಸೈಕಲ್ ನಿಲ್ಲಿಸಿದ.

ಕಾರ್ಖಾನೆಯ ಬೀರುವಿನಲ್ಲಿ ಊರಿನವರ ದವಡೆಗಳ ಗಾರೆಯ ಅಚ್ಚುಗಳು ಸಾಲಾಗಿದ್ದವು. ಅವುಗಳ ಹಿಂದೆ ಹಾಲುಹಲ್ಲನ್ನು ಇಟ್ಟ. ಹತ್ತೇ ದಿನದಲ್ಲಿ ಅದು ಬದಲಾಯಿತು. ಗುಹೆಯ ತೇವವಿಲ್ಲದೆ ಒಣಗಿ, ಹೊಳಪು ಸತ್ತು, ಬರೀ ಸೀಮೆಸುಣ್ಣದ ತುಂಡಿನಂತಾಯಿತು. ಅವನು ದಿನವೂ ಬಾಗಿಲು ಹಾಕಿಕೊಂಡು, ಔಷಧಿಯ ಹನಿ ಹಾಕುವ ಡ್ರಾಪರಿನಿಂದ ಅದರ ತುದಿಗೆ ಹನಿ ಹಾಕತೊಡಗಿದ. ಒಂದು ಹನಿ, ಇಪ್ಪತ್ತೆರಡು ಎಣಿಕೆ, ಮತ್ತೊಂದು ಹನಿ. ಒದ್ದೆಯಾದಷ್ಟು ಹೊತ್ತು ಬೆಳಗುತ್ತಿತ್ತು. ಮಗಳ ಹಠಕ್ಕೆ ಸೋತು ಒಂದು ದಿನವೂ ಕೊಡದಿದ್ದ ಗಂಟೆಗಳನ್ನು ಈಗ ಅವಳ ಕಲ್ಲಿಗೆ ಕೊಡುತ್ತಿದ್ದ. ಹೆಂಡತಿಗೆ ಮುಂದೊಂದು ದಿನ ತೋರಿಸಬೇಕೆಂದುಕೊಂಡಿದ್ದ. ಹೀಗೆ ಮಂಕಾದದ್ದನ್ನು ತೋರಿಸಲು ಮನಸ್ಸು ಬರಲಿಲ್ಲ.

ಅತ್ತ ಗುಹೆಯಲ್ಲಿ ಎಲ್ಲ ಎಂದಿನಂತೆ. ಜನ ಬಂದರು, ಬಾಯಿ ಬಿಟ್ಟು ನೋಡಿದರು, ಹೋದರು. ಹೊರಗಿನಿಂದ ಬಂದ ಕಲ್ಲಿನ ಪಂಡಿತರೊಬ್ಬರು ಗೇಟಿನ ಬಳಿ ಅರ್ಧ ಗಂಟೆ ನಿಂತು, ಇಂಥ ಬಿಳುಪು ತಾನು ಎಲ್ಲೂ ಕಂಡಿಲ್ಲವೆಂದರಂತೆ. ಅನುಮಾನ ಬರಬಾರದೆಂದು ಅವನು ಇನ್ನೂ ಎರಡು ತಿಂಗಳು ತೊಳೆಯಲು ಹೋದ. ಆಮೇಲೆ ಮಂಡಿನೋವೆಂದು ಬಿಟ್ಟ. ಎಲ್ಲೂ ಒಂದು ಎಳೆ ಸಡಿಲವಿರಲಿಲ್ಲ.

ಮಗಳು ಹೋಗಿ ಎರಡು ವರ್ಷ ತುಂಬುವುದಕ್ಕೆ ಮೂರು ವಾರ ಇರುವಾಗ, ಒಂದು ಸಂಜೆ ಗೆಳತಿ ಮನೆಗೆ ಬಂದಳು. ಬಂದವಳೇ ಹೆಂಡತಿಯ ಕಾಲ ಬಳಿ ನೆಲದ ಮೇಲೆ ಕೂತು, ಚೀಲದಿಂದ ಒಂದು ಕಾಗದ ತೆಗೆದಳು.

“ಚಿಕ್ಕಮ್ಮ, ಸಿಕ್ತು.”

ಅದು ದೀಪದ ಕೋಣೆಯ ದಿನಚರಿ ಪುಸ್ತಕದ ಒಂದು ಹಾಳೆಯ ಪ್ರತಿ. ಮಗಳ ಅಕ್ಷರ. ಏಣಿಯ ನಾಲ್ಕನೆಯ ಮತ್ತು ಏಳನೆಯ ಮೆಟ್ಟಿಲು ತುಕ್ಕಿನಿಂದ ಸವೆದಿವೆ, ಕೂಡಲೇ ಬದಲಾಯಿಸಬೇಕು, ಎಂದು ಬರೆದು ಅವಳು ಸಹಿ ಮಾಡಿದ್ದಳು. ಕೆಳಗೆ ‘ನೋಡಿದೆ’ ಎಂದು ಮ್ಯಾನೇಜರಿನ ಸಹಿ. ಏಣಿ ಮುರಿಯುವುದಕ್ಕೆ ಹದಿನೇಳು ದಿನ ಮುಂಚಿನ ತಾರೀಕು.

“ಆ ಪುಸ್ತಕಾನ ಹಳೇ ಸಾಮಾನಿನ ಉಗ್ರಾಣದಲ್ಲಿ, ಬೇಕಂತಲೇ, ಎಲ್ಲೋ ಅಡಿಯಲ್ಲಿ ತುರುಕಿದ್ರು,” ಎಂದಳು ಗೆಳತಿ. “ಒಂದು ವರ್ಷ ಹುಡುಕಿದೆ. ರಜಾ ದಿನ ಬಿಟ್ರೆ ನಂಗೆ ಒಬ್ಬಳೇ ಇರೋಕೆ ಸಮಯ ಸಿಗ್ತಿರಲಿಲ್ಲ. ನೀವು ಕೆಳಗೆ ಇರ್ತಿದ್ರಲ್ಲ ಚಿಕ್ಕಪ್ಪ, ಆವಾಗೆಲ್ಲ ನಾನು ಮೇಲೆ ಇದನ್ನೇ ಹುಡುಕ್ತಿದ್ದೆ. ಸಿಗದೇ ಹೋದ್ರೆ ಸುಮ್ನೆ ನಿಮಗೆ ಆಸೆ ಹುಟ್ಟಿಸಿದ ಹಾಗಾಗುತ್ತೆ ಅಂತ ಹೇಳ್ಲಿಲ್ಲ.”

ಹೆಂಡತಿ ಆ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಕ್ಷರಗಳ ಮೇಲೆ ಬೆರಳಾಡಿಸುತ್ತ, ಸದ್ದಿಲ್ಲದೆ ಅತ್ತಳು. ಗೆಳತಿ ಇನ್ನೂ ಹೇಳುತ್ತಿದ್ದಳು. ಕಾಗದವನ್ನು ಅವಳು ತನಿಖೆಯವರಿಗೆ ಕಳಿಸಿ ಮೂರು ತಿಂಗಳಾಗಿತ್ತು; ತೀರ್ಮಾನ ಬರುವವರೆಗೆ ಯಾರಿಗೂ ಹೇಳಬಾರದೆಂದು ಕಾದಿದ್ದಳು. ಮ್ಯಾನೇಜರನ್ನು ಕೆಲಸದಿಂದ ತೆಗೆದಿದ್ದರು. ಹೊಸ ವರದಿ ಬರೆದಾಗಿತ್ತು; ಹನ್ನೊಂದನೆಯ ಪುಟದ ಆ ಸಾಲು ಇನ್ನಿರುವುದಿಲ್ಲ. ಆಡಳಿತದವರು ಎರಡನೆಯ ವರ್ಷದ ದಿನ ಎಲ್ಲರ ಮುಂದೆ ಕ್ಷಮೆ ಕೇಳುತ್ತಾರೆ. ‘ಬಿಳಿ ರಾಣಿ’ಯ ಫಲಕ ಕಿತ್ತು ‘ಹಾಲುಹಲ್ಲು’ ಎಂದು ಹಾಕುತ್ತಾರೆ, ಕಂಡುಹಿಡಿದವಳ ಹೆಸರಿನ ಸಮೇತ.

“ಏನಾದ್ರೂ ಮಾತಾಡಿ ಚಿಕ್ಕಪ್ಪ.”

“ನೀನು ದೊಡ್ಡವಳಮ್ಮ,” ಎಂದಷ್ಟೇ ಹೇಳಿ ಅವನು ಹಿತ್ತಿಲಿಗೆ ಹೋಗಿ ನಿಂತ.

ಎರಡು ದಿನ ಅವನು ಊಟ ಮಾಡಲಿಲ್ಲ. ಮೂರನೆಯ ದಿನ ತಂತಿ, ಸಿಮೆಂಟು, ಕಲ್ಲು ಎಲ್ಲವನ್ನೂ ಬಕೆಟ್ಟಿಗೆ ಹಾಕಿಕೊಂಡು ಗುಡ್ಡ ಹತ್ತಿದ. ಕೊನೆಯ ಸಲ ತೊಳೆಯುತ್ತೇನೆ, ಆ ದಿನಕ್ಕೆ ಚೆನ್ನಾಗಿ ಕಾಣಲಿ, ಎಂದು ಹೇಳುವುದೆಂದಿದ್ದ. ಗೆಳತಿ ನಗುತ್ತ ಕೆಳಗೆ ಕರೆದುಕೊಂಡು ಹೋದಳು. ಗುಂಡಿಯ ಸುತ್ತ ನೆಲದಿಂದ ಆಳೆತ್ತರಕ್ಕೆ ದಪ್ಪ ಗಾಜಿನ ಗೋಡೆ ನಿಂತಿತ್ತು.

“ಇದ್ಯಾಕೆ?” ಎಂದ ಅವನು.

“ಯಾರಾದ್ರೂ ಮುಟ್ಟಿಬಿಟ್ರೆ? ಈಗ ಅವಳ ಹೆಸರಿನ ಕಲ್ಲು ಅಲ್ವಾ? ನಾನೇ ಹಟ ಹಿಡಿದು ಹಾಕಿಸಿದೆ.”

ಬಕೆಟ್ಟಿನೊಡನೆ ಹಿಂದಿರುಗುವಾಗ ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದದ್ದೇನು? ಪಂಡಿತರೇ ನಿಂತು ನೋಡಿ ಹೋದ ಮೇಲೆ ಇನ್ನು ಯಾರು ಹಿಡಿದಾರು? ಫಲಕದಲ್ಲಿ ಅವಳ ಹೆಸರಿರುತ್ತದೆ, ವರದಿಯಲ್ಲಿ ಆ ಸಾಲಿರುವುದಿಲ್ಲ. ಅಷ್ಟು ಸಾಕು. ಕಲ್ಲು ಮನೆಯಲ್ಲಿದೆಯೆಂದು ಅವನಿಗೊಬ್ಬನಿಗೆ ಗೊತ್ತು. ಅವನು ಸತ್ತಾಗ ಅದೂ ಅವನ ಜೊತೆ ಮಣ್ಣಿಗೆ ಹೋಗುತ್ತದೆ. ಒಂದೊಂದಾಗಿ ಎಲ್ಲವನ್ನೂ ಮತ್ತೆ ಎಣಿಸಿದ: ಬಣ್ಣ, ತೂಕ, ಸದ್ದು, ನೀರಿನಡಿಯ ಗೆರೆ. ಯಾವುದರಲ್ಲೂ ಕುಂದಿರಲಿಲ್ಲ.

ಕ್ಷಮೆ ಕೇಳುವ ದಿನ ಬೆಳಿಗ್ಗೆ ಹೆಂಡತಿ ಎರಡು ವರ್ಷದ ಮೇಲೆ ಮೊದಲ ಸಲ ತಲೆ ಬಾಚಿ ಮಗಳ ಶಾಲು ಹೊದ್ದಳು. ಮೆಟ್ಟಿಲಿಳಿಯುವಾಗ ಅವನ ತೋಳು ಹಿಡಿದುಕೊಂಡು, “ನಾನು ಮೂರು ಸಲ ಬಂದಿದ್ದೆ ರೀ, ಸಂಜೆ ಅವಳ ಕೊನೇ ಗುಂಪಿನ ಜೊತೆ, ತೆವಳಿಕೊಂಡೇ,” ಎಂದಳು. “ನಿಮ್ಮನ್ನೂ ಕರ್ಕೊಂಡು ಬಾ ಅಂತ ಪ್ರತಿ ಸಲ ಹೇಳೋಳು.” ಅವನು ಮೆಟ್ಟಿಲುಗಳನ್ನು ನೋಡುತ್ತ ಇಳಿದ. ಕೆಳಗೆ ನಲವತ್ತು ಜನ ಸೇರಿದ್ದರು. ಆಡಳಿತದವರು ಕ್ಷಮೆ ಓದಿದರು. ಗೆಳತಿ ಫಲಕದ ಬಟ್ಟೆ ಸರಿಸಿದಳು. ಗಾಜಿನೊಳಗೆ ಅವನ ಕೈಕೆಲಸ, ದೀಪದ ಬೆಳಕಿನಲ್ಲಿ, ಹಾಲು ತುಂಬಿದಂತೆ ಹೊಳೆಯುತ್ತಿತ್ತು. ಹೆಂಡತಿ ಅದನ್ನು ನೋಡಿ ಕೈಮುಗಿದಳು. ಮುಗಿಯಿತು, ಎಂದುಕೊಂಡ ಅವನು; ಮೊದಲ ಸಲ ಉಸಿರು ಪೂರ್ತಿ ಒಳಗಿಳಿಯಿತು.

ಆಗ ಗೆಳತಿ ಒಂದು ಹಳೆಯ ಕ್ಯಾಮೆರಾ ಕೈಗೆತ್ತಿಕೊಂಡು, ನಡುಗುವ ದನಿಯಲ್ಲಿ, “ಅವಳು ಕೊನೇ ಗುಂಪಿಗೆ ಮಾತ್ರ ಒಂದು ಆಟ ತೋರಿಸ್ತಿದ್ಲು. ಅವಳು ಹೋದ ಮೇಲೆ ನಂಗೆ ಅದನ್ನ ಮಾಡೋಕೆ ಮನಸ್ಸೇ ಬರ್ಲಿಲ್ಲ. ಇವತ್ತು ಮಾಡ್ತೀನಿ. ಒಂದು ನಿಮಿಷ ಯಾರೂ ಅಲ್ಲಾಡ್ಬೇಡಿ,” ಎಂದು ದೀಪಗಳನ್ನೆಲ್ಲ ಆರಿಸಿದಳು. ಕಣ್ಣಿಗೆ ಹಚ್ಚಿದಂಥ ಕತ್ತಲು. ಹೆಂಡತಿ ಅವನ ಕೈ ಹಿಡಿದು, “ನೋಡ್ತಿರಿ, ಕಲ್ಲು ಬೆಳಕನ್ನ ನುಂಗಿ ಇಟ್ಕೊಳುತ್ತೆ,” ಎಂದು ಕಿವಿಯಲ್ಲಿ ಪಿಸುಗುಟ್ಟಿದಳು. ಫ್ಲಾಶು ಒಂದು ಸಲ ಝಗ್ಗೆಂದು ಆರಿತು. ಆರಿದ ಮೇಲೆ, ಆ ಪೂರ್ತಿ ಕತ್ತಲಲ್ಲಿ, ಕೋಣೆಯ ಕಲ್ಲುಗಳೆಲ್ಲ ತಮ್ಮೊಳಗಿನಿಂದಲೇ ಬೆಳಗುತ್ತ ಉಳಿದವು: ಮೇಲಿನ ಕೊಳವೆಗಳು, ಮಡಿಕೆಬಿದ್ದ ಪರದೆ, ಗುಂಡಿಯ ಅಂಚು, ನೀರಿನಡಿಯ ಬುಡ, ಎಲ್ಲವೂ ತಿಳಿಹಸಿರು, ಒಂದು ಎರಡು ಮೂರು ಎಣಿಸುವಷ್ಟು ಹೊತ್ತು. ನಡುವೆ ಮಾತ್ರ, ಹಲ್ಲು ಬಿದ್ದ ಬಾಯಿಯಲ್ಲಿ ಉಳಿಯುವ ಕಿಂಡಿಯಂತೆ, ಒಂದು ಗೇಣುದ್ದದ ಕಪ್ಪು. ಕಲ್ಲನ್ನು ಎಲ್ಲ ಬಗೆಯ ಬೆಳಕಿನಲ್ಲಿ ನೋಡಿದ್ದವನು ದೀಪ ಆರಿಸಿ ಒಮ್ಮೆಯೂ ನೋಡಿರಲಿಲ್ಲ. “ಅವಳದ್ದೇ ಎಲ್ಲಕ್ಕಿಂತ ಜಾಸ್ತಿ ಹೊಳೀತಿತ್ತು,” ಎಂದಿತು ಹೆಂಡತಿಯ ದನಿ, ಯಾರಿಗೆ ಹೇಳುತ್ತಿದ್ದಾಳೆಂದು ಅವಳಿಗೇ ತಿಳಿಯದಂತೆ. ಆಮೇಲೆ ಅವನ ಅಂಗೈಯೊಳಗಿದ್ದ ಅವಳ ಬೆರಳುಗಳು ಮೆಲ್ಲಗೆ ಬಿಟ್ಟುಕೊಂಡವು. ದೀಪ ಹೊತ್ತಿದಾಗ ನಲವತ್ತು ಜನವೂ ಗಾಜಿನೊಳಗಿನ ಹಾಲುಹಲ್ಲನ್ನು ನೋಡುತ್ತಿದ್ದರು. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಗೆಳತಿ ಬಿಳಿಚಿ ನಿಂತಿದ್ದಳು. ಹೆಂಡತಿ ಅವನ ಕೈಗಳನ್ನು ನೋಡುತ್ತಿದ್ದಳು.